ಏಳನೇ ನಂಬರಿನ ಬಾಟಲಿ

ನೆಗಮದ ನೇಕಾರರ ಬೀದಿಯಲ್ಲಿ ಶಿವಗಾಮಿಯ ಅಡುಗೆಯನ್ನು ಹೊಗಳುವವರು ಬೇಕಾದಷ್ಟು ಜನ. ಅವಳ ಹುರುಳಿ ಚಟ್ನಿಗಾಗಿ ಪಕ್ಕದ ಬೀದಿಯವರೂ ಬಟ್ಟಲು ಹಿಡಿದು ಬರುತ್ತಾರೆ. ಒಂದೇ ಒಂದರಲ್ಲಿ ಅವಳಿಗೆ ಹೆಸರಿರಲಿಲ್ಲ, ಅದು ತಂಗಳನ್ನ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ತಿನ್ನುವುದಕ್ಕೆ ಯಾವ ದೊಡ್ಡ ವಿದ್ಯೆ ಬೇಕು ಎಂದು ನೀವು ಕೇಳಬಹುದು. ಅವಳೂ ಮೂವತ್ತೆಂಟು ವರ್ಷದಿಂದ ಅದನ್ನೇ ಕೇಳುತ್ತ ಬಂದಿದ್ದಾಳೆ.

ಮದುವೆಯಾಗಿ ಬಂದ ಮೂರನೇ ಬೆಳಗ್ಗೆ ಅತ್ತೆ ಅಂಗಮ್ಮ, ಹೊಸ ಸೊಸೆ ನೀರು ಹಾಕಿಟ್ಟಿದ್ದ ತಂಗಳಿನ ನೀರನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಹೊರಗೆ ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ಹಾಸಿನ ನೂಲು ಎಳೆದು ಕಟ್ಟಿ, ಎಳೆ ಗಟ್ಟಿಯಾಗಲೆಂದು ಎರಡೂ ಕಡೆ ಜನ ನಿಂತು ಗಂಜಿ ಬಳಿಯುತ್ತಿದ್ದರು. ಅಷ್ಟೂ ಜನರ ಕಿವಿಗೆ ಬೀಳುವಂತೆ ಅಂಗಮ್ಮ ತೀರ್ಪು ಕೊಟ್ಟಳು: "ಇವಳ ಕೈಲಿ ಹುಳಿ ಬರಲ್ಲ."

ಅಷ್ಟೇ. ಮುಂದಿನ ಇಪ್ಪತ್ತೇಳು ವರ್ಷ ಅವಳು ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹೊಟ್ಟೆ ದಪ್ಪದ ಕರಿ ಮಡಕೆಯೊಂದನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡು, ಅದಕ್ಕೆ ಸೊಸೆಯ ಕೈ ತಗುಲಿದಾಗಲೆಲ್ಲ ಒಂದೊಂದು ಬೈಗುಳ ಹುಟ್ಟಿಸಿದಳು. ತೊಳೆದರೂ ತಪ್ಪು, ಮುಚ್ಚಿದರೂ ತಪ್ಪು. ಯಾಕೆ ತಪ್ಪು ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳು ಹೋದಳು. ಕಾರ್ಯವೆಲ್ಲ ಮುಗಿದ ಮಾರನೇ ಬೆಳಗ್ಗೆ ಶಿವಗಾಮಿ ಪೊಳ್ಳಾಚಿಗೆ ಹೋಗಿ ಥಳಥಳ ಹೊಳೆಯುವ ಒಂದು ಸ್ಟೀಲ್ ತವಲೆ ತಂದಳು. ಕರಿ ಮಡಕೆಯನ್ನು ಒಡೆಯಲು ಮನಸ್ಸೇನೋ ಇತ್ತು, ಧೈರ್ಯವಿರಲಿಲ್ಲ. ಗಂಡ ಕರುಪ್ಪುಸಾಮಿಯ ಮಗ್ಗದ ಪಕ್ಕಕ್ಕೆ ಅದನ್ನು ತಳ್ಳಿದಳು. ಅಂದಿನಿಂದ ಅವನು ಹಾಸಿನ ನೂಲಿಗೆಂದು ಅನ್ನದ ಗಂಜಿಯನ್ನು ಹುಳಿಯಿಡುವುದು ಅದರಲ್ಲೇ. ಅತ್ತೆಯ ಮಡಕೆ ನೂಲಿಗೆ ಗಂಜಿ ಕಾಯುತ್ತ ಕೂತಿರುವುದನ್ನು ನೋಡಿದಾಗಲೆಲ್ಲ ಶಿವಗಾಮಿಯ ಹೊಟ್ಟೆ ತಣ್ಣಗಾಗುತ್ತಿತ್ತು. ಇದೇನೂ ದೊಡ್ಡ ಗುಣವಲ್ಲ, ಆದರೆ ಅವಳ ಜಾಗದಲ್ಲಿ ನಿಂತು ನೋಡಬೇಕು.

ಹೀಗಿರುವಾಗ ಸೋಮನೂರಿನ ತಂಗಿಯ ಮಗಳು ಕೃತ್ತಿಕಾ ಒಂದು ವಿಚಿತ್ರ ಕೋರಿಕೆ ಹೊತ್ತು ಬಂದಳು. ಅವಳು ಕೊಯಮತ್ತೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹುಟ್ಟಿದ್ದೇ ಪವರ್‌ಲೂಮ್ ಶೆಡ್ಡಿನ ಗದ್ದಲದಲ್ಲಾದ್ದರಿಂದ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ. ಜಗಲಿಯ ಮೇಲೆ ಕೂತು ಅವಳು ವಿವರಿಸಿದ್ದು ಇಷ್ಟು: ಆಸ್ಪತ್ರೆಯಲ್ಲಿ ಟ್ಯೂಬ್ ಬಿಟ್ಟು ಹೊಟ್ಟೆ ಪರೀಕ್ಷೆ ಮಾಡುವಾಗ, ರೋಗಿ ಒಪ್ಪಿ ಸಹಿ ಹಾಕಿದರೆ, ಕರುಳಿನ ಒಳಗೋಡೆಯಿಂದ ಎಳ್ಳುಕಾಳಿನಷ್ಟು ತುಣುಕು ತೆಗೆಯುತ್ತಾರೆ. ಅದನ್ನು ಲ್ಯಾಬಿನಲ್ಲಿ ಸಾಕಿ ಬೆಳೆಸಿದರೆ ಮನುಷ್ಯನ ಕರುಳಿನ ಗೋಡೆಯೇ ತಟ್ಟೆಯಲ್ಲಿ ತಯಾರಾಗುತ್ತದೆ. ಅದರ ಮೇಲೆ ಒಳ್ಳೆಯ, ಕೆಟ್ಟ ಸೂಕ್ಷ್ಮಜೀವಿಗಳನ್ನು ಬಿಟ್ಟು ಗೋಡೆ ಗಟ್ಟಿಯಾಗುತ್ತದೋ ಸಡಿಲವಾಗುತ್ತದೋ ನೋಡುತ್ತಾರೆ. ಈಗ ಹನ್ನೆರಡು ಮನೆಗಳ ತಂಗಳಿನ ನೀರು ಬೇಕಾಗಿದೆ.

ಶಿವಗಾಮಿಗೆ ತಲೆಬುಡ ಅರ್ಥವಾಗಲಿಲ್ಲ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯೊಳಗಿಂದಲೇ ಕೇಳಿಸಿಕೊಳ್ಳುತ್ತಿದ್ದ ಕರುಪ್ಪುಸಾಮಿಗೆ ಮಾತ್ರ ಕೂಡಲೇ ಅರ್ಥವಾಯಿತು. ಕರುಳೂ ನೇಯ್ದ ಬಟ್ಟೆಯಂತೆಯೇ ಅಲ್ಲವೇ, ಎಳೆ ಒತ್ತಾಗಿ ಕೂತಿದ್ದರೆ ನೀರು ನಿಲ್ಲುತ್ತದೆ, ಜಾಳಾದರೆ ಸೋರುತ್ತದೆ ಎಂದು ಅವನು ಕೇಳಿದ. ಕೃತ್ತಿಕಾ ಕಣ್ಣರಳಿಸಿ, ನಾಲ್ಕು ವರ್ಷ ಓದಿದ್ದನ್ನು ದೊಡ್ಡಪ್ಪ ಒಂದು ಮಾತಿನಲ್ಲಿ ಮುಗಿಸಿಬಿಟ್ಟರು ಎಂದಳು. ಶಿವಗಾಮಿಯ ಕೈಗೆ ಒಂದು ಬಾಟಲಿ ಕೊಟ್ಟಳು. ಅದರ ಚೀಟಿಯಲ್ಲಿ ಏಳು ಎಂಬ ನಂಬರು, ಕೆಳಗೆ ತಮಿಳಿನಲ್ಲಿ 'ತಯಾರಿಸಿದವರು' ಎಂದಿತ್ತು. ಶಿವಗಾಮಿ ತನ್ನ ಹೆಸರನ್ನು ದುಂಡಗೆ ಬರೆದು ಮೂರು ಸಲ ನೋಡಿಕೊಂಡಳು.

ಬಾಟಲಿ ತುಂಬಿಸಬೇಕಾದ ಭಾನುವಾರ ಅವಳಿಗೆ ಪಲ್ಲಡದಲ್ಲಿ ಗೃಹಪ್ರವೇಶವಿತ್ತು. ತವಲೆಯಿಂದ ತುಂಬಿಸಿ ಕೊಡಿ ಎಂದು ಗಂಡನಿಗೆ ನಾಲ್ಕು ಸಲ ಹೇಳಿ ಬಸ್ಸು ಹತ್ತಿದಳು. ಸಂಜೆ ಬಂದು ಕೇಳಿದಾಗ ಅವನು ಕೊಟ್ಟಾಯಿತು ಎಂದ. ಕರುಪ್ಪುಸಾಮಿ ಸುಳ್ಳು ಹೇಳುವ ಮನುಷ್ಯನಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಮನುಷ್ಯ.

ಐದು ವಾರದ ಮೇಲೆ ಕೃತ್ತಿಕಾಳ ಫೋನು ಬಂತು. ಹನ್ನೆರಡು ಬಾಟಲಿಗಳಲ್ಲಿ ತಟ್ಟೆಯ ಕರುಳನ್ನು ಎಲ್ಲಕ್ಕಿಂತ ಗಟ್ಟಿ ಮಾಡಿದ್ದು ಏಳನೇ ನಂಬರು. ಇದು ತಟ್ಟೆಯ ಮಾತು, ಹೊಟ್ಟೆಯ ಮಾತು ಬೇರೆ, ಇನ್ನೂ ಮೂರು ಸಲ ನೋಡಬೇಕು ಎಂದೆಲ್ಲ ಅವಳು ಹೇಳುತ್ತಲೇ ಇದ್ದಳು. ಶಿವಗಾಮಿಯ ಕಿವಿಗೆ 'ಏಳನೇ ನಂಬರು' ಎನ್ನುವುದರಾಚೆ ಏನೂ ಹೋಗಲಿಲ್ಲ. ಫೋನಿಟ್ಟು ನೇರವಾಗಿ ನಡುಮನೆಗೆ ಹೋಗಿ ಅಂಗಮ್ಮನ ಫೋಟೋ ಮುಂದೆ ನಿಂತಳು. ಸ್ಟುಡಿಯೋದವನು ನಗಿ ಎಂದಿದ್ದಕ್ಕೇ ತುಟಿ ಬಿಗಿದುಕೊಂಡು ತೆಗೆಸಿಕೊಂಡ ಫೋಟೋ ಅದು.

"ಕೇಳಿಸ್ತಾ?" ಎಂದಳು ಶಿವಗಾಮಿ. "ಕೊಯಮತ್ತೂರಲ್ಲಿ ಮಿಷಿನ್ನೇ ಹೇಳ್ತು."

ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು. ಸಂಜೆ ಎದುರುಮನೆಯ ಕನ್ನಿಯಮ್ಮಾಳ್ ಒಂದು ಲೋಟ ಹಿಡಿದು ಬಂದು, ನಿನ್ನ ತಂಗಳಿನ ನೀರು ಸ್ವಲ್ಪ ಕೊಡು, ನಮ್ಮವರಿಗೆ ಎರಡು ದಿನದಿಂದ ಹೊಟ್ಟೆ ಉಬ್ಬರ ಎಂದಳು. ಶಿವಗಾಮಿ ಪ್ರಸಾದ ಕೊಡುವ ಗಾಂಭೀರ್ಯದಿಂದ ತವಲೆಯಿಂದ ಮೊಗೆದು ಕೊಟ್ಟಳು. ಮಗ್ಗದ ಕುಣಿಯಲ್ಲಿ ಕೂತಿದ್ದ ಕರುಪ್ಪುಸಾಮಿ ಅದನ್ನು ನೋಡಿ ಮೂರು ಎಳೆ ಕಡಿದುಕೊಂಡ.

ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ತನ್ನ ನೀರು ಕುಡಿದ ಕರುಳನ್ನು ಕಣ್ಣಾರೆ ನೋಡಬೇಕೆಂದು ಹಠ ಹಿಡಿದು ಗುರುವಾರ ಬಸ್ಸು ಹತ್ತಿ, ಉಕ್ಕಡದಲ್ಲಿ ಇಳಿದು, ಅಲ್ಲಿಂದ ಕೃತ್ತಿಕಾಳ ಸ್ಕೂಟರಿನ ಹಿಂದೆ ಕೂತು ಲ್ಯಾಬಿಗೆ ಹೋದಳು. ತಲೆಗೊಂದು, ಕಾಲಿಗೆರಡು ಟೋಪಿ ಹಾಕಿಸಿ ಒಳಗೆ ಬಿಟ್ಟರು. ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಿಂದ ಕೃತ್ತಿಕಾ ಒಂದು ತಟ್ಟೆ ತೆಗೆದಳು. ಅದರಲ್ಲಿ ಹನ್ನೆರಡು ಕುಳಿ, ಪ್ರತಿಯೊಂದರಲ್ಲೂ ಗುಲಾಬಿ ಬಣ್ಣದ ನೀರು. ಕರುಳೆಂದರೆ ಹಗ್ಗದಂತೆ ಸುತ್ತಿಕೊಂಡಿರುತ್ತದೆ ಎಂದುಕೊಂಡಿದ್ದ ಶಿವಗಾಮಿಗೆ ನಿರಾಸೆಯೇ ಆಯಿತು. ಆದರೆ ಸೂಕ್ಷ್ಮದರ್ಶಕದಲ್ಲಿ ಇಣುಕಿದಾಗ ನೆಲಕ್ಕೆ ಕಲ್ಲು ಹಾಸಿದ ಹಾಗೆ ಒಂದಕ್ಕೊಂದು ಒತ್ತಿ ಕೂತ ಜೀವಕಣಗಳು ಕಂಡವು. ಗೋಡೆಯ ಈಚೆಗೊಂದು ಆಚೆಗೊಂದು ಸಣ್ಣ ಕಡ್ಡಿಯಿಟ್ಟು ನಡುವೆ ಎಷ್ಟು ಕರೆಂಟು ನುಸುಳುತ್ತದೆಂದು ಅಳೆಯುತ್ತೇವೆ, ಕಡಿಮೆ ನುಸುಳಿದಷ್ಟೂ ಗೋಡೆ ಗಟ್ಟಿ ಎಂದು ಕೃತ್ತಿಕಾ ತೋರಿಸಿದಳು.

ಇದು ಯಾರ ಕರುಳು ಎಂದು ಶಿವಗಾಮಿ ಕೇಳಿದಳು. ಹೆಸರು ಹೇಳುವಂತಿಲ್ಲ, ನಮಗೂ ಗೊತ್ತಿಲ್ಲ ಎಂಬ ಉತ್ತರ ಬಂತು. ಅವಳು ಮತ್ತೆ ತಟ್ಟೆಯೊಳಗೆ ಇಣುಕಿದಳು. ಯಾವನೋ ಪುಣ್ಯಾತ್ಮ ಎಲ್ಲೋ ಆಫೀಸಿನಲ್ಲಿ ಕೂತಿರುತ್ತಾನೆ, ಅವನ ಕರುಳಿಗೆ ಇಲ್ಲಿ ಬೆಳಬೆಳಗ್ಗೆ ತಂಗಳಿನ ನೀರು.

"ಅಮ್ಮಿಣಿ, ಇದು ಇಲ್ಲಿ ಕುಡಿದ್ರೆ ಅವರಿಗೆ ಅಲ್ಲಿ ತೇಗು ಬರುತ್ತಾ?" ಎಂದು ಕೃತ್ತಿಕಾಳನ್ನು ಕೇಳಿದಳು.

ಬರುವುದಿಲ್ಲವೆಂದು ಕೃತ್ತಿಕಾ ಎಷ್ಟು ಹೇಳಿದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಬ್ಯಾಗಿನಿಂದ ಒಂದು ಡಬ್ಬಿ ತೆಗೆದಳು. ಸಣ್ಣ ಈರುಳ್ಳಿ, ಕರಿದ ಮಜ್ಜಿಗೆ ಮೆಣಸಿನಕಾಯಿ. ಪಾಪ, ಐದು ವಾರದಿಂದ ಅದಕ್ಕೆ ಬರೀ ನೀರು ಕೊಟ್ಟಿದ್ದಾರೆ, ನಂಜಿಕೊಳ್ಳಲು ಏನೂ ಇಲ್ಲ. ಲ್ಯಾಬಿನೊಳಗೆ ತಿಂಡಿ ತರುವಂತಿಲ್ಲವೆಂದು ಕೃತ್ತಿಕಾ ಅವಳನ್ನು ಹೊರಗೆ ಕರೆದುಕೊಂಡು ಬಂದಳು, ಮೆಟ್ಟಿಲ ಮೇಲೆ ಕೂತು ಕರುಳಿನ ಪರವಾಗಿ ತಾನೇ ಅಷ್ಟನ್ನೂ ತಿಂದಳು. ತಿನ್ನುತ್ತಾ, ಭಾನುವಾರ ಬಂದು ಎರಡನೇ ಬಾಟಲಿ ತೆಗೆದುಕೊಳ್ಳುತ್ತೇನೆ, ಮಾಡುವ ವಿಧಾನವನ್ನೂ ಬರೆದುಕೊಳ್ಳುತ್ತೇನೆ ಎಂದಳು. ಉಳಿದ ಹನ್ನೊಂದು ಮನೆಯವರಿಂದಲೂ ಅದೇ ವಿಧಾನದಲ್ಲಿ ಮಾಡಿಸಿ ನೋಡಬೇಕಂತೆ. ಶಿವಗಾಮಿಯ ವಿಧಾನ ಎಂದೇ ಹೆಸರಿಡುತ್ತಾರಂತೆ. ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೂ ಶಿವಗಾಮಿ ಇದನ್ನು ಹೇಳಿದಳು.

ಭಾನುವಾರ ಬೆಳಗ್ಗೆ ಅವಳು ತಲೆಗೆ ಸ್ನಾನ ಮಾಡಿ, ನೆಗಮದ ಹಸಿರು ಸೀರೆಯುಟ್ಟು, ತವಲೆಯ ಮುಂದೆ ಬಾಟಲಿ ಹಿಡಿದು ಕೂತಳು. ಕರುಪ್ಪುಸಾಮಿ ಮಗ್ಗ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತ. ಹಬ್ಬದ ದಿನವೂ ಈ ಹೊತ್ತಿಗೆ ಮಗ್ಗ ಬಿಡದ ಮನುಷ್ಯ.

"ಅದರಿಂದ ತುಂಬಿಸಬೇಡ, ಶಿವಗಾಮಿ."

"ಏನುಂಗ, ಯಾಕೆ?"

"ಅವತ್ತು ಕೊಟ್ಟಿದ್ದು ಅದರದಲ್ಲ."

ಆಮೇಲೆ ಅವನು ನಿಂತ ಜಾಗದಲ್ಲೇ ಎಲ್ಲವನ್ನೂ ಹೇಳಿದ. ಅವತ್ತು ಬೆಳಗ್ಗೆ ಹಸಿವಾಗಿತ್ತು. ತವಲೆಯಲ್ಲಿದ್ದುದನ್ನು ಕೊನೆಯ ತೊಟ್ಟಿನವರೆಗೂ ಕುಡಿದು ಬಾಯಿ ಒರೆಸಿಕೊಂಡ ಮೇಲೆ ಬಾಟಲಿಯ ನೆನಪಾಯಿತು. ಹೊರಗೆ ಕೃತ್ತಿಕಾಳ ಸ್ಕೂಟರಿನ ಸದ್ದು. ಮಗ್ಗದ ಪಕ್ಕದ ಮಡಕೆಯಲ್ಲಿ ಗಂಜಿ ಹುಳಿ ಬಂದು ನಿಂತಿತ್ತು. ನೂಲಿಗೆ ಹಚ್ಚುವ ಹೊತ್ತಿಗೆ ಎಣ್ಣೆ ಸೇರಿಸುತ್ತೇವೆಯೇ ಹೊರತು ಮಡಕೆಯಲ್ಲಿರುವುದು ಬರೀ ಅನ್ನ, ನೀರು. ಅದೇ ಅಕ್ಕಿ, ಅದೇ ಬಾವಿ. ನೂಲಿಗೆ ಆಗುವುದು ಕರುಳಿಗೆ ಆಗದೇ ಎಂದುಕೊಂಡು ಮೇಲಿನ ತಿಳಿಯನ್ನು ಬಗ್ಗಿಸಿ ತುಂಬಿಸಿಬಿಟ್ಟ. ನೇಕಾರನಲ್ಲದೆ ಬೇರೆ ಯಾವ ಗಂಡಸಿಗೂ ಈ ಬುದ್ಧಿ ಹೊಳೆಯುತ್ತಿರಲಿಲ್ಲ.

ಶಿವಗಾಮಿ ತವಲೆಯನ್ನು ಪಕ್ಕಕ್ಕೆ ಸರಿಸಿದಳು. ಹೋಟೆಲಿನಿಂದ ತಂದು ತುಂಬಿಸಿದ್ದೆ ಎಂದಿದ್ದರೆ ಕ್ಷಮಿಸುತ್ತಿದ್ದಳು. ಕನ್ನಿಯಮ್ಮಾಳ್ ಮನೆಯಿಂದ ಸಾಲ ತಂದಿದ್ದರೂ ನಾಲ್ಕು ದಿನ ಮಾತು ಬಿಟ್ಟು ಐದನೇ ದಿನ ಆಡುತ್ತಿದ್ದಳು. ಆದರೆ ಆ ಮಡಕೆಯಿಂದ! ಅವಳಿಗೆ ಫೋಟೋದ ಕಡೆ ತಿರುಗಲು ಭಯವಾಯಿತು. ತಿರುಗಿದರೆ ಅತ್ತೆ ನಗುತ್ತಿರುತ್ತಾಳೆ, ಸಂಶಯವೇ ಇಲ್ಲ.

ಕೃತ್ತಿಕಾ ಬರಲು ಇನ್ನು ಅರ್ಧ ಗಂಟೆ. ಶಿವಗಾಮಿ ಎದ್ದು ಹೋಗಿ ಮಗ್ಗದ ಪಕ್ಕದ ಮಡಕೆಯ ಬಟ್ಟೆ ಸರಿಸಿದಳು. ಬಾಟಲಿಯನ್ನು ಅದರಲ್ಲೇ ಅದ್ದಿ ತುಂಬಿಸಿ, ಒರೆಸಿ, ಚೀಟಿಯ ಮೇಲೆ ತನ್ನ ಹೆಸರನ್ನು ಬರೆದಳು. ಈ ಸಲ ಅಕ್ಷರ ಅಷ್ಟು ದುಂಡಗೆ ಬರಲಿಲ್ಲ. ಗಂಡನ ಕಡೆ ಒಂದು ನೋಟ ಎಸೆದಳು. ಕರುಪ್ಪುಸಾಮಿ ಕುಣಿಗಿಳಿದ. ಲಾಳಿ ಓಡತೊಡಗಿತು.

ಕೃತ್ತಿಕಾ ಬಂದವಳೇ ಕಾಗದ ತೆಗೆದು ಕಾಲು ಮಡಚಿ ಕೂತಳು. ಶಿವಗಾಮಿಯ ಸೊಸೆ ನಿತ್ಯಾ ಕಾಫಿ ತಂದಿಟ್ಟಳು. ಪಾತ್ರೆ ಯಾವುದು ಎಂಬುದು ಮೊದಲ ಪ್ರಶ್ನೆ. ಶಿವಗಾಮಿ ಲೆಕ್ಕ ಹಾಕಿದಳು. ಸ್ಟೀಲ್ ಎಂದರೆ ಹನ್ನೊಂದು ಮನೆಯವರು ಸ್ಟೀಲಿನಲ್ಲಿ ಮಾಡುತ್ತಾರೆ, ಏನೂ ಆಗುವುದಿಲ್ಲ. ಆಗ ಶಿವಗಾಮಿಯ ವಿಧಾನದಲ್ಲಿ ಹುಳಿ ಬರಲ್ಲ ಎಂದು ಹನ್ನೊಂದು ಬೀದಿಗಳಲ್ಲಿ ಜನ ಆಡಿಕೊಳ್ಳುತ್ತಾರೆ.

"ಮಣ್ಣಿಂದು," ಎಂದಳು.

ತೊಳೆಯುವುದು ಹೇಗೆಂದು ಕೃತ್ತಿಕಾ ಕೇಳಿದಳು. ಸೋಪು ಮುಟ್ಟಿಸಬಾರದು, ತಳ ತೊಳೆಯಲೇಬಾರದು, ಹಳೇ ನೀರನ್ನು ಅಂಗೈಯಷ್ಟು ತಳದಲ್ಲಿ ಬಿಡಬೇಕು ಎಂದು ಶಿವಗಾಮಿಯ ಬಾಯಿ ತಾನಾಗಿಯೇ ಹೇಳಿತು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇದು ಮದುವೆಯಾದ ಎರಡನೇ ವಾರದ ಬೈಗುಳ. ಅವತ್ತು ಅವಳು ಮಡಕೆಯನ್ನು ಬೂದಿ ಹಾಕಿ ಫಳಫಳ ಉಜ್ಜಿಟ್ಟಿದ್ದಳು. ಹೊಗಳುತ್ತಾಳೆಂದುಕೊಂಡಿದ್ದ ಅತ್ತೆ ಬೀದಿಗೆ ಕೇಳುವಂತೆ ಕೂಗಾಡಿದ್ದಳು.

ಮುಚ್ಚುವುದು? ಮುಚ್ಚಳ ಹಾಕಬಾರದು, ತೆಳ್ಳನೆಯ ಹತ್ತಿ ಬಟ್ಟೆ ಕಟ್ಟಬೇಕು. ಇದು ತವರಿಂದ ತಂದ ಹಿತ್ತಾಳೆ ಮುಚ್ಚಳವನ್ನು ಅತ್ತೆ ಎತ್ತಿ ಪಕ್ಕಕ್ಕೆಸೆದ ದಿನದ್ದು. ಉಪ್ಪು? ರಾತ್ರಿ ಹಾಕಬಾರದು, ಬೆಳಗ್ಗೆ ಕುಡಿಯುವಾಗ ಮಾತ್ರ. ಇದು ಮಗ ನವನೀತನ್ ಹುಟ್ಟುವ ಹಿಂದಿನ ವಾರ, ತುಂಬು ಬಸುರಿ ಎಂದೂ ನೋಡದೆ ಬೈದದ್ದು. ಅನ್ನ ಬಿಸಿಯಿದ್ದಾಗ ನೀರು ಹಾಕಬಾರದು, ಕೈಯ ಹಿಂಬದಿಗೆ ತಣ್ಣಗೆ ತಗುಲಬೇಕು. ಇಪ್ಪತ್ತೇಳು ವರ್ಷದ ಬೈಗುಳವೆಲ್ಲ ಒಂದೊಂದಾಗಿ ಕೃತ್ತಿಕಾಳ ಕಾಗದದ ಮೇಲೆ ಸಾಲಾಗಿ ಇಳಿಯಿತು. ಒಂದೂ ಮರೆತಿರಲಿಲ್ಲ. ಅಷ್ಟೂ ವರ್ಷ ಯಾವುದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದುಕೊಂಡಿದ್ದಳೋ ಅದೇ ಬಾಯಿಪಾಠವಾಗಿ ಕೂತಿತ್ತು. ಮಡಕೆ ಮಗ್ಗದ ಪಕ್ಕಕ್ಕೆ ಹೋದ ಮೇಲೂ ಈ ನೇಮ ತಪ್ಪಿರಲಿಲ್ಲ. ಕರುಪ್ಪುಸಾಮಿ ಅದನ್ನು ಪಾಲಿಸಿದ್ದು ಶ್ರದ್ಧೆಯಿಂದಲ್ಲ, ಮಡಕೆ ತೊಳೆಯುವ ಸೋಮಾರಿತನದಿಂದ.

ಕೃತ್ತಿಕಾ ಪೆನ್ನು ನಿಲ್ಲಿಸಿ ತಲೆಯೆತ್ತಿದಳು. "ಇಷ್ಟು ನಿಗಾ ಇಟ್ಟು ಯಾರು ಹೇಳಿಕೊಟ್ರು ದೊಡ್ಡಮ್ಮ?"

ಲಾಳಿಯ ಸದ್ದು ನಿಂತಿತು. ಶಿವಗಾಮಿ ಬಾಟಲಿಯನ್ನು ಕೈಗೆತ್ತಿಕೊಂಡಳು. ಚೀಟಿಯ ಮೇಲೆ ತನ್ನ ಹೆಸರು. ಮೂವತ್ತೆಂಟು ವರ್ಷದಿಂದ ಕಾದಿದ್ದ ಹೆಸರು, ಇನ್ನೂ ಶಾಯಿ ಆರಿರಲಿಲ್ಲ. ಉಗುರಿನಿಂದ ಚೀಟಿಯ ಅಂಚು ಎಬ್ಬಿಸಿ ಪರ್ರನೆ ಕಿತ್ತು ತೆಗೆದಳು.

"ಬೇರೆ ಚೀಟಿ ಕೊಡು. ಅಂಗಮ್ಮ ಅಂತ ಬರಿ."

ನಿಜ ಸಂಗತಿ ಕೇಳಿ ಕೃತ್ತಿಕಾ ತಲೆ ಮೇಲೆ ಕೈಯಿಟ್ಟುಕೊಂಡಳು. ಐದು ವಾರದಿಂದ ಲ್ಯಾಬಿನ ದೊಡ್ಡವರೆಲ್ಲ ತಂಗಳಿನ ನೀರು ಎಂದು ತಿಳಿದಿದ್ದು ಸೀರೆಯ ನೂಲಿಗೆ ಹಚ್ಚುವ ಗಂಜಿ. ಎಲ್ಲ ಪಟ್ಟಿಯನ್ನೂ ತಿದ್ದಬೇಕು. ಮಡಕೆಗೆ ಇನ್ನೇನಾದರೂ ಬೆರೆಸುತ್ತೀರಾ ಎಂದು ದೊಡ್ಡಪ್ಪನನ್ನು ಪೊಲೀಸಿನವರಂತೆ ವಿಚಾರಿಸಿಕೊಂಡಳು. ಆಮೇಲೆ ನಗು ತಡೆಯಲಾಗದೆ ಗೋಡೆಗೆ ಒರಗಿದಳು. ಕೊನೆಗೆ ಹೊಸ ಚೀಟಿಯಲ್ಲಿ ಅಂಗಮ್ಮ ಎಂದು ಬರೆದು, ಕೆಳಗಿನ ಸಾಲಿಗೆ ಬಂದಳು. ಫೋನ್ ನಂಬರು ಬೇಕಿತ್ತು.

"ಅವಳಿಗೆ ಫೋನ್ ಬೇಡ," ಎಂದಳು ಶಿವಗಾಮಿ. "ಅಲ್ಲಿಂದ ಕೂಗಿದ್ರೂ ಇಲ್ಲಿಗೆ ಕೇಳುತ್ತೆ."

ತನ್ನ ತವಲೆಯ ನೀರನ್ನೂ ಒಂದು ಬಾಟಲಿಗೆ ತುಂಬಿಸಿ ಕೊಟ್ಟಳು. ಅದು ಹದಿಮೂರನೇ ನಂಬರಾಯಿತು. ತಿಂಗಳು ಕಳೆದು ಕೃತ್ತಿಕಾಳ ಫೋನು ಬಂದಾಗ ಶಿವಗಾಮಿ ಮೊದಲು ಕೇಳಿದ್ದು ಅದನ್ನೇ. ಏಳನೇ ನಂಬರು ಈ ಸಲವೂ ಎಲ್ಲಕ್ಕಿಂತ ಮೇಲಿತ್ತು. ಹದಿಮೂರರ ವಿಷಯಕ್ಕೆ ಬಂದಾಗ ಕೃತ್ತಿಕಾ ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದಳು. ಕರುಳಿಗೆ ಕೆಟ್ಟದ್ದೇನೂ ಮಾಡಲಿಲ್ಲವಂತೆ. ಒಳ್ಳೆಯದು? ಬರೀ ನೀರು ಹಾಕಿದ್ದಕ್ಕೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲವಂತೆ. ಕನ್ನಿಯಮ್ಮಾಳ್ ಗಂಡನ ಹೊಟ್ಟೆ ಉಬ್ಬರ ಅದರಿಂದಲೇ ಇಳಿಯಿತು ಎಂದು ಶಿವಗಾಮಿ ವಾದಿಸಿ ನೋಡಿದಳು, ಅದು ಎರಡು ದಿನದ ಮೇಲೆ ತಾನಾಗಿಯೇ ಇಳಿದದ್ದೆಂದು ಅವಳಿಗೂ ಗೊತ್ತಿತ್ತು. ನೋವಾಯಿತು. ಅವತ್ತು ಅವಳು ಊಟ ಮಾಡಲಿಲ್ಲ.

ಮರುದಿನ ಯಾರಿಗೂ ಹೇಳದೆ ಕರಿ ಮಡಕೆಯನ್ನು ಎತ್ತಿ ತಂದು ಅಡುಗೆಮನೆಯ ಹಳೇ ಜಾಗದಲ್ಲಿಟ್ಟಳು. ಸ್ಟೀಲ್ ತವಲೆ ಮಗ್ಗದ ಪಕ್ಕಕ್ಕೆ ಹೋಯಿತು. ಫೋಟೋಗೆ ಹೂವು ಹಾಕುವಾಗ, ಕೈಲಿ ಹುಳಿ ಬರಲ್ಲ ಅನ್ನೋ ಬದಲು ಮಡಕೆಯಲ್ಲಿ ಬರುತ್ತೆ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದಳು. ಅತ್ತೆ ಎಂದಿನಂತೆ ತುಟಿ ಬಿಗಿದುಕೊಂಡೇ ಇದ್ದಳು.

ವಾರ ಕಳೆದು ಒಂದು ಬೆಳಗ್ಗೆ ಶಿವಗಾಮಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಕರುಪ್ಪುಸಾಮಿ ನೇಯುತ್ತಿದ್ದ. ನಿತ್ಯಾ ಅತ್ತೆಗೆ ಸಹಾಯವಾಗಲೆಂದು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಮಡಕೆಯನ್ನು ಬಚ್ಚಲಿಗೆ ತಂದಿಟ್ಟು, ಪಾತ್ರೆ ತೊಳೆಯುವ ನಿಂಬೆ ವಾಸನೆಯ ಸೋಪಿನ ನೀರನ್ನು ಸ್ಪಂಜಿಗೆ ಹಿಂಡಿಕೊಂಡಳು. ಶಿವಗಾಮಿ ಒದ್ದೆ ಸೀರೆ ಕೈಯಲ್ಲಿ ಹಿಡಿದೇ ತಿರುಗಿದಳು.

"ಏಯ್, ತಳ ತೊಳೀಬೇಡ!"

ಕೂಗು ಬೀದಿಯ ಕೊನೆಯವರೆಗೂ ಹೋಯಿತು. ಒಳಗೆ ಮಗ್ಗ ಗಕ್ಕನೆ ನಿಂತಿತು. ಕರುಪ್ಪುಸಾಮಿ ಲಾಳಿಯ ಹಗ್ಗ ಕೈಯಲ್ಲಿ ಹಿಡಿದೇ ಬಾಗಿಲ ಕಡೆ ನೋಡಿದ.

"ಅಮ್ಮಾ?" ಎಂದ.

ನಿತ್ಯಾ ಸ್ಪಂಜು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಆ ಮುಖವನ್ನು ಶಿವಗಾಮಿ ಬಲ್ಲಳು, ಅದು ಮೂವತ್ತೆಂಟು ವರ್ಷದ ಹಿಂದಿನ ಅವಳದೇ ಮುಖ.

"ನಾನೇ ಕಣುಂಗ, ನೀವು ನೇಯಿರಿ," ಎಂದು ಒಳಗೆ ಕೂಗಿ, ಒದ್ದೆ ಸೀರೆಯನ್ನು ಹಗ್ಗದ ಮೇಲೆ ಎಸೆದು, ಸೊಸೆಯ ಪಕ್ಕದಲ್ಲಿ ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ಮಡಕೆಯನ್ನು ಬಗ್ಗಿಸಿ ತಳದಲ್ಲಿದ್ದ ಅಂಗೈಯಷ್ಟು ನೀರನ್ನು ತೋರಿಸಿದಳು.

"ಕೂತ್ಕೋ ನನ್ ಕಣ್ಣು," ಎಂದಳು. "ಯಾಕೆ ಅಂತ ಹೇಳ್ತೀನಿ."